ಮಗುವನ್ನು ಮುಟ್ಟದೆ ಮಾಡಿದ ಥೆರಪಿ

ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ, ಅಂದರೆ ಬೆಳವಣಿಗೆಯ ತೊಂದರೆ ಇರುವ ಮಕ್ಕಳನ್ನು ಬೇಗ ಗುರುತಿಸಿ ನೋಡಿಕೊಳ್ಳುವ ಕೇಂದ್ರದಲ್ಲಿ, ಸ್ಪೀಚ್ ಥೆರಪಿ ಮಾಡುತ್ತಾ ಎಂಟು ವರ್ಷ ಆಯಿತು. ಆಟಿಸಂ ಮಕ್ಕಳಿಗೆ ವಾರಕ್ಕೊಂದು ಅರ್ಧ ಗಂಟೆಯ ಸೆಷನ್ ನಿಲ್ಲಿಸಿ, ಮೂರು ವಾರಕ್ಕೊಮ್ಮೆ ಅರ್ಧ ದಿನ ಕೂರಿಸಿಕೊಂಡು ಅಮ್ಮನಿಗೇ ಕಲಿಸಿ ಕಳಿಸುತ್ತೇನೆ ಅಂದಾಗ ನಮ್ಮಲ್ಲಿ ಯಾರೂ ಒಪ್ಪಲಿಲ್ಲ. "ಅಮ್ಮಂದಿರೇ ಮಾಡೋದಾದ್ರೆ ನಾವ್ಯಾಕೆ ಮೇಡಂ?" ಅಂತ ನಮ್ಮ ಓಟಿ (ಆಕ್ಯುಪೇಷನಲ್ ಥೆರಪಿಸ್ಟ್) ಕೇಳಿದರು. ಒಬ್ಬ ಅಜ್ಜಿಯಂತೂ "ಡಾಕ್ಟ್ರಮ್ಮ ಮಗೂನ ಮುಟ್ಟಲೇ ಇಲ್ಲ" ಅಂತ ಹೊರಗೆ ಕೂತವರಿಗೆಲ್ಲ ಹೇಳಿಕೊಂಡು ಹೋದರು. ಈಗ ಎರಡು ವರ್ಷ ಆಗಿದೆ. ಅದೇ ಓಟಿ ತಮ್ಮ ಕೇಸುಗಳಿಗೂ ಹೀಗೇ ದಿನ ಹಾಕಿಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮವಾದ ಆರ್‌ಬಿಎಸ್‌ಕೆಯ ತಂಡ ಅಂಗನವಾಡಿಯಲ್ಲಿ ನೋಡಿ ಮಗುವನ್ನು ನಮ್ಮಲ್ಲಿಗೆ ಕಳಿಸುತ್ತದೆ. ಇಲ್ಲಿ ಎಲ್ಲ ಉಚಿತ. ಎಪ್ಪತ್ತು ಎಂಬತ್ತು ಕಿಲೋಮೀಟರ್ ಬರುವುದು ಉಚಿತ ಅಲ್ಲವಲ್ಲ! 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಮ್ಮನ ಟಿಕೆಟ್ ಉಳಿಯಿತು, ನಿಜ. ಆದರೆ ಅವಳ ಆ ದಿನದ ಕೂಲಿ ಹೋಗುತ್ತದೆ, ಜೊತೆಗೆ ಬರುವ ಗಂಡನದ್ದೂ ಹೋಗುತ್ತದೆ. ಒಂದು ಸಲ ಬಂದು ಹೋಗಲು ಹತ್ತಿರ ಹತ್ತಿರ ಸಾವಿರ ರೂಪಾಯಿ ಅಂತ ನನ್ನ ಲೆಕ್ಕ. ಅದಕ್ಕೆ ಸಿಗುತ್ತಿದ್ದದ್ದು ಇಪ್ಪತ್ತು ನಿಮಿಷ ಅಳು, ಹತ್ತು ನಿಮಿಷ ಥೆರಪಿ. ನಲವತ್ತು ಮಕ್ಕಳಲ್ಲಿ ಮೂರು ತಿಂಗಳಾದ ಮೇಲೂ ಬರುತ್ತಿದ್ದವರು ಹತ್ತೋ ಹನ್ನೆರಡೋ. ರಿಜಿಸ್ಟರಿನಲ್ಲಿ "ಪೋಷಕರಿಗೆ ಆಸಕ್ತಿ ಇಲ್ಲ" ಅಂತ ನಾನೇ ಬರೆದಿದ್ದೇನೆ. ಆ ಸಾಲು ಈಗ ನೋಡಿದರೆ ಸಂಕಟ ಆಗುತ್ತದೆ.

ಮೊದಲ ಆರು ತಿಂಗಳು ಬರೀ ಸೋಲು. ಮನೆಯಲ್ಲಿ ಮಾಡಬೇಕಾದ್ದನ್ನೆಲ್ಲ ಹಾಳೆಯಲ್ಲಿ ಬರೆದು ಕೊಟ್ಟೆ. ಕೊಟ್ಟ ಮಡಿಕೆಯಲ್ಲೇ ವಾಪಸ್ ಬಂತು. ವಾಟ್ಸಾಪ್ ಗುಂಪು ಮಾಡಿದೆ. ಒಬ್ಬರ ಮಗು ಎರಡು ಪದ ಆಡಿದ ವಿಡಿಯೋ ಬಂದದ್ದೇ ತಡ, ಇನ್ನಿಬ್ಬರು ಅಮ್ಮಂದಿರು ಗುಂಪು ಬಿಟ್ಟರು, ಆಸ್ಪತ್ರೆಗೂ ಬರಲಿಲ್ಲ. ಈಗ ವಿಡಿಯೋ ನನಗೊಬ್ಬಳಿಗೇ ಬರುತ್ತದೆ, ಎರಡು ನಿಮಿಷದ್ದು, ವಾರಕ್ಕೊಂದು. ಮಾತು ಬಾರದ ಮಗು ಬೇಕಾದ್ದನ್ನು ಕೇಳಲು ಕೊಡಲಿ ಅಂತ ಲ್ಯಾಮಿನೇಟ್ ಮಾಡಿಸಿದ ಚಿತ್ರದ ಕಾರ್ಡುಗಳಿಗೆ ನನ್ನ ಕೈಯಿಂದಲೇ ನಾಲ್ಕು ಸಾವಿರ ಹೋಯಿತು. ಮಕ್ಕಳು ಅದರ ಅಂಚು ಕಚ್ಚುತ್ತಿದ್ದರು, ಅಷ್ಟೇ. ಮೊಬೈಲಿನಲ್ಲಿ ಫೋಟೋ ತೋರಿಸಿದರೆ ಮೊಬೈಲೇ ಬೇಕು. ಕೊನೆಗೆ ಕೈ ಹಿಡಿದದ್ದು ಬಿಸ್ಕತ್ತಿನ ಖಾಲಿ ಪೊಟ್ಟಣ. ರಟ್ಟಿಗೆ ಅಂಟಿಸಿದರೆ ಅದೇ ಕಾರ್ಡು. ಖರ್ಚಿಲ್ಲ, ಮಗುವಿಗೆ ಗುರುತೂ ಇದೆ.

ಕೆಲಸ ಮಾಡಿದ ಪದ್ಧತಿ ಇದು. ಅಮ್ಮ ಮತ್ತು ಮಗು ಚಾಪೆ ಮೇಲೆ. ನಾನು ಗೋಡೆಗೆ ಒರಗಿ, ಕೈ ಕಟ್ಟಿಕೊಂಡು. ಮೂರೂವರೆ ವರ್ಷದ ಒಬ್ಬ ಹುಡುಗ ಏನು ಬೇಕಾದರೂ ಅಮ್ಮನ ಮಣಿಕಟ್ಟು ಹಿಡಿದು ಎಳೆಯುತ್ತಿದ್ದ. ಮುಖ ನೋಡುತ್ತಿರಲಿಲ್ಲ. ಮನೆಯ ಚುರುಮುರಿ ಡಬ್ಬಿಯನ್ನೇ ತರಿಸಿ ಮುಚ್ಚಳ ಬಿಗಿ ಮಾಡಿಸಿದೆ. ಅವನು ಡಬ್ಬಿಯ ಮೇಲೆ ಅವಳ ಕೈ ಇಟ್ಟ. ಅವಳು ತೆಗೆಯಲು ಹೋದಳು. "ಹತ್ತು ಎಣಿಸಮ್ಮ, ಮನಸ್ಸಲ್ಲೇ" ಅಂದೆ. ಅವಳ ತುಟಿ ಅಲುಗುತ್ತಿತ್ತು. ಏಳರ ಹತ್ತಿರ ಹುಡುಗ ತಲೆ ಎತ್ತಿ ಅವಳನ್ನು ನೋಡಿದ. ಅವಳು ಮುಚ್ಚಳ ತೆಗೆದಳು. ಅವಳ ಕಣ್ಣು ತುಂಬಿತ್ತು, ನನ್ನದೂ. ಒಂದೂವರೆ ತಿಂಗಳಿಗೆ "ತೆ" ಅಂದ ವಿಡಿಯೋ ಬಂತು.

ಮಗು ತಾನಾಗಿ ಕೇಳಲಿ ಅಂತ ಹತ್ತು ಎಣಿಸಿ ಕಾಯುವುದು ಥೆರಪಿ ಮಾಡುವ ನಿಮಗೆ ಗೊತ್ತಿರುವುದೇ, ಅಲ್ವಾ? ಕಷ್ಟ ಇರುವುದು ಮೊದಲ ಇಪ್ಪತ್ತು ನಿಮಿಷದಲ್ಲಿ, ಅಮ್ಮನ ಹೆದರಿಕೆ ಬಿಡಿಸುವುದರಲ್ಲಿ. ಅದನ್ನು ನಾನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ಬಂದು ಒಂದು ದಿನ ಕೂತು ನೋಡಿ.

ಅಸೆಸ್‌ಮೆಂಟ್ ಬಗ್ಗೆ ಒಂದು ಮಾತು. ಕಿವಿ ಪರೀಕ್ಷೆ ಮುಗಿಸದೆ ಐಎಸ್‌ಎಎಗೆ, ಅಂದರೆ ಆಟಿಸಂ ಎಷ್ಟಿದೆ ಅಂತ ಅಳೆಯುವ ನಲವತ್ತು ಪ್ರಶ್ನೆಗಳ ಪಟ್ಟಿಗೆ, ಕೂರಬೇಡಿ. ನಾನು ಆತುರಪಟ್ಟು ಒಂದು ಮಗುವಿನ ವಿಷಯದಲ್ಲಿ ಎಡವಿದ್ದೇನೆ. ನಲವತ್ತೂ ಪ್ರಶ್ನೆಗಳನ್ನು ಒಂದೇ ದಿನ ಮುಗಿಸುವುದನ್ನೂ ಬಿಟ್ಟಿದ್ದೇನೆ. ಎರಡನೇ ಸಲ ಬಂದಾಗ ಅಮ್ಮಂದಿರು ನಿಜ ಹೇಳುತ್ತಾರೆ. ಅಂಕ 70 ಮುಟ್ಟಿದ್ದರೆ, ಅಂದರೆ ಆಟಿಸಂ ಇದೆ ಅಂತ ಕಂಡರೆ, ಅಂಗವೈಕಲ್ಯ ಸರ್ಟಿಫಿಕೇಟಿನ ಮಾತನ್ನೂ ಅವತ್ತೇ ಎತ್ತುತ್ತೇನೆ. ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಸಿಗುತ್ತದೆ, ನಿರಾಮಯ ಅನ್ನುವ ಸರ್ಕಾರಿ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಇದೆ, ಥೆರಪಿಯೂ ಅದರಲ್ಲಿ ಸೇರುತ್ತದೆ. ಆದರೆ ಮೊದಲು ಕೈಯಿಂದ ಖರ್ಚು ಮಾಡಿ ಬಿಲ್ ಕೊಡಬೇಕು. ಕೂಲಿ ಮಾಡುವವರಿಗೆ ಅದೇ ದೊಡ್ಡ ತೊಡಕು.

ಈಗ ನಲವತ್ತರಲ್ಲಿ ಮೂವತ್ತರ ಹತ್ತಿರ ಉಳಿಯುತ್ತಾರೆ. ಎಲ್ಲ ಮಕ್ಕಳೂ ಮಾತಾಡುತ್ತಿಲ್ಲ. ಏಳೆಂಟು ಮಕ್ಕಳು ಪೊಟ್ಟಣದ ಕಾರ್ಡು ಕೊಟ್ಟು ಕೇಳುತ್ತಾರೆ, ಅದೂ ಮಾತೇ. ಗಂಡಸರನ್ನು ಚಾಪೆ ಮೇಲೆ ಕೂರಿಸಲು ಮಾತ್ರ ಇನ್ನೂ ಆಗಿಲ್ಲ. ಭಾನುವಾರ ಇಟ್ಟು ನೋಡಿದೆ, ಮೂವರು ಬಂದರು. ಒಂದನೇ ಕ್ಲಾಸಿಗೆ ಸೇರಿದ ನಾಲ್ಕು ಮಕ್ಕಳ ಟೀಚರ್‌ಗಳನ್ನೂ ಕರೆದಿದ್ದೆ, ಇಬ್ಬರು ಬಂದರು. ಅವರಲ್ಲಿ ಒಬ್ಬರು ಹೋಗುವಾಗ ಖಾಲಿ ಪೊಟ್ಟಣ ಕೇಳಿ ತೆಗೆದುಕೊಂಡು ಹೋಗಿದ್ದಾರೆ.