ಹೊಸ ಗುಲಾಬಿಯ ಬಗ್ಗೆ ನಾನು ಏನು ಬರೆಯುತ್ತೇನೆ, ಏನು ಬಿಡುತ್ತೇನೆ

ಹೊಸ ಗುಲಾಬಿ ತಳಿಗಳನ್ನು ತೋಟದ ಆಸಕ್ತರಿಗೆ ಪರಿಚಯಿಸಿ ಬರೆಯುವುದು ನನ್ನ ಕೆಲಸ. ತಳಿ ಹೊರಬಂದ ಕೂಡಲೇ ಕೈಗೆ ಸಿಗುವುದು ಒಂದು ಫೋಟೋ, ಜೊತೆಗೆ ನಾಲ್ಕು ಸಾಲು ಹೊಗಳಿಕೆ. ಎರಡನ್ನೂ ಪಕ್ಕಕ್ಕಿಟ್ಟು ಗಿಡದ ಹತ್ತಿರ ಹೋಗುತ್ತೇನೆ. ಫೋಟೋದಲ್ಲಿರುವುದು ಹೂವು ತುಂಬಾ ಚೆನ್ನಾಗಿದ್ದ ಒಂದು ಗಳಿಗೆ. ಓದುವವರು ಕೊಳ್ಳುವುದು ವರ್ಷವಿಡೀ ಕಣ್ಣೆದುರು ಇರುವ ಗಿಡವನ್ನು. ಹಾಗಾಗಿ ನಾನು ಬರೆಯಬೇಕಾದ್ದು ಗಿಡದ ಬಗ್ಗೆ, ಹೂವು ಅದರಲ್ಲೊಂದು ಭಾಗ ಅಷ್ಟೇ.

ಮೊದಲು ಬಣ್ಣ. ಒಂದೇ ಗಿಡದಲ್ಲಿ ಮೊಗ್ಗು, ಅರ್ಧ ಬಿರಿದ ಹೂವು, ಪೂರ್ತಿ ಅರಳಿದ್ದು, ಉದುರುವ ಮುಂಚಿನದು, ಇಷ್ಟನ್ನೂ ನೋಡದೆ ಬಣ್ಣದ ಬಗ್ಗೆ ಬರೆಯುವುದಿಲ್ಲ. 1945ರಲ್ಲಿ ಬಂದ ‘ಪೀಸ್’ ಗುಲಾಬಿಯನ್ನೇ ತಗೊಳ್ಳಿ. ಹಳದಿ ಎಸಳು, ಅಂಚಿಗೆ ನಸುಗೆಂಪು. ಹವೆ ಬದಲಾದಂತೆ ಯಾವುದು ಎಷ್ಟು ಅನ್ನೋದೂ ಬದಲಾಗುತ್ತದೆ. 1977ರ ‘ಡಬಲ್ ಡಿಲೈಟ್’ ಇನ್ನೂ ತಮಾಷೆ. ಅದರ ಕೆನೆ ಬಣ್ಣದ ಎಸಳಿಗೆ ಅಂಚಿನಿಂದ ಕೆಂಪು ಏರುವುದು ಬಿಸಿಲು ತಾಗಿದಾಗ. ನೆರಳಿನಲ್ಲಿಟ್ಟರೆ ಕೆಂಪು ಪೇಲವವಾಗಿಯೇ ಉಳಿಯುತ್ತದೆ. ಕಡುಗೆಂಪಿನ ಹೂಗಳದ್ದು ಇದಕ್ಕೆ ತಿರುವು ಮುರುವು. ಬಿರು ಬಿಸಿಲಿಗೆ ಎಸಳಿನ ಅಂಚು ಸುಟ್ಟು ಕಪ್ಪಾಗುತ್ತದೆ. ಅದಕ್ಕೇ ಬಣ್ಣದ ಜೊತೆಗೆ ಬಿಸಿಲಿನ ಮಾತೂ ಬರಲೇಬೇಕು.

ಆಮೇಲೆ ಎಸಳು ಎಣಿಸುತ್ತೇನೆ. ಪೂರ್ತಿ ಅರಳಿದ ಹೂವನ್ನು ಕಿತ್ತು, ಬಿಳಿ ಕಾಗದದ ಮೇಲೆ ಹೊರಗಿನಿಂದ ಒಳಕ್ಕೆ ಒಂದೊಂದೇ ಬಿಡಿಸಿ ಸಾಲಾಗಿ ಇಡುತ್ತೇನೆ. ಹೊರಗಿನವು ಅಗಲ, ದಪ್ಪ. ಒಳಕ್ಕೆ ಹೋದಂತೆ ಚಿಕ್ಕದಾಗುತ್ತವೆ, ಮಡಚಿಕೊಂಡಿರುತ್ತವೆ. ಕೊನೆಯ ಸುತ್ತಿನಲ್ಲಿ ಕೆಲವು ಅರ್ಧ ಎಸಳು, ಅರ್ಧ ಕೇಸರ. ತುದಿಯಲ್ಲಿ ಇನ್ನೂ ಹಳದಿ ಪರಾಗದ ಚೀಲ ಅಂಟಿಕೊಂಡಿರುತ್ತದೆ. ಅವನ್ನು ಬೇರೆಯಾಗಿ ಇಡುತ್ತೇನೆ. 4ರಿಂದ 8 ಎಸಳಿದ್ದರೆ ಒಂಟಿ ಸುತ್ತಿನ ಹೂವು, 9ರಿಂದ 16 ಅರೆ ಜೋಡಿ, 17ರಿಂದ 25 ಜೋಡಿ, 26ರಿಂದ 40 ತುಂಬು ಹೂವು, 40 ದಾಟಿದರೆ ಬಹಳ ತುಂಬು. ಸುಮ್ನೆ ಲೆಕ್ಕಕ್ಕಾಗಿ ಎಣಿಸುವುದಲ್ಲ ಇದು. ಬಹಳ ತುಂಬಿದ ಹೂವಿನ ಮೊಗ್ಗು ಬಿಡದೆ ಮಳೆ ಸುರಿದರೆ ಬಿರಿಯುವುದೇ ಇಲ್ಲ. ಹೊರಗಿನ ಎಸಳುಗಳು ಒಂದಕ್ಕೊಂದು ಅಂಟಿಕೊಂಡು, ಮೊಗ್ಗು ಕಂದಾಗಿ ಅಲ್ಲೇ ಕೊಳೆಯುತ್ತದೆ. ಒಂಟಿ ಸುತ್ತಿನ ಹೂವು ಬೇಗ ಉದುರಿದರೂ ಜೇನುನೊಣಗಳಿಗೆ ಅದರ ಪರಾಗ ಸುಲಭವಾಗಿ ಸಿಗುತ್ತದೆ. ಮಳೆ ಜಾಸ್ತಿ ಇರುವ ಕಡೆಯವರಿಗೆ ಈ ಒಂದು ಅಂಕಿ, ನಾನು ಬರೆಯುವ ಯಾವ ವರ್ಣನೆಗಿಂತಲೂ ಉಪಯೋಗ.

ಪರಿಮಳ ನೋಡುವುದು ಬೆಳಗ್ಗೆ, ಬಿಸಿಲು ಏರುವ ಮುಂಚೆ. ಒಂದೇ ಹೂವು ಮೂಸಿ ತೀರ್ಮಾನಿಸುವುದಿಲ್ಲ. ಇನ್ನೊಬ್ಬರ ಮೂಗಿನ ಸಹಾಯವನ್ನೂ ಕೇಳುತ್ತೇನೆ. ಒಬ್ಬರಿಗೆ ನಿಂಬೆ ಅನಿಸಿದ್ದು ಇನ್ನೊಬ್ಬರಿಗೆ ಏನೂ ಅನಿಸದೇ ಇರಬಹುದು. ಬಗ್ಗದೆ, ನಿಂತಲ್ಲಿಗೇ ವಾಸನೆ ಬಂದರೆ ಮಾತ್ರ ‘ಗಾಢ’ ಅಂತ ಬರೆಯುತ್ತೇನೆ.

‘ರೋಗ ನಿರೋಧಕ’ ಅನ್ನುವ ಮಾತು ಬಂದಾಗ ನನಗೆ ಸ್ವಲ್ಪ ಅನುಮಾನ. ಕಪ್ಪುಚುಕ್ಕೆ ರೋಗದ ಶಿಲೀಂಧ್ರದಲ್ಲೇ ಬೇರೆ ಬೇರೆ ಬಗೆಗಳಿವೆ. ಒಂದು ಊರಿನಲ್ಲಿ ಚುಕ್ಕೆಯೇ ಬೀಳದ ಗಿಡ ಇನ್ನೊಂದು ಕಡೆ ಬೋಳಾಗಬಹುದು. ನಾನು ನೋಡುವುದು ಕೆಳಗಿನ ಎಲೆಗಳನ್ನು. ರೋಗ ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ. ಅಂಚು ಹರಿದಂತಿರುವ ಕಪ್ಪು ಮಚ್ಚೆ, ಸುತ್ತ ಹಳದಿ, ಮುಟ್ಟಿದರೆ ಎಲೆ ಕೈಗೇ ಬರುತ್ತದೆ. ಎರಡನೇ ಸುತ್ತು ಹೂ ಮುಗಿಯುವ ಹೊತ್ತಿಗೆ ಬುಡದಲ್ಲಿ ಎಷ್ಟು ಎಲೆ ಉಳಿದಿದೆ ಅಂತ ಬರೆಯುತ್ತೇನೆ. ಜರ್ಮನಿಯ ಎಡಿಆರ್ ಪರೀಕ್ಷೆಯಲ್ಲಿ ಔಷಧಿ ಹೊಡೆಯದೇ ಮೂರು ವರ್ಷ ಗಿಡ ಬೆಳೆಸಿ ನೋಡುತ್ತಾರೆ. ಅದರಲ್ಲಿ ಪಾಸಾದ ತಳಿಯಾದರೆ ಆ ವಿಷಯಕ್ಕೆ ಒಂದು ಸಾಲು ಖಂಡಿತ ಕೊಡುತ್ತೇನೆ.

ಗುಣದ ಪಕ್ಕದಲ್ಲೇ ಕೊರತೆಯನ್ನೂ ಹೇಳದಿದ್ದರೆ ಅದು ಜಾಹೀರಾತು, ಅಲ್ವಾ? ಅಮೆರಿಕದ ವಿಲಿಯಂ ರಾಡ್ಲರ್ ಬೆಳೆಸಿದ, 2000ದಲ್ಲಿ ಮಾರುಕಟ್ಟೆಗೆ ಬಂದ ‘ನಾಕ್ ಔಟ್’ ಬಗ್ಗೆ ನಾನು ಬರೆಯುವುದು ಹೀಗೆ: ಕಪ್ಪುಚುಕ್ಕೆಗೆ ಸುಲಭವಾಗಿ ಬಗ್ಗದ ಗಿಡ, ಬಾಡಿದ ಹೂ ಕತ್ತರಿಸುವ ಗೋಜಿಲ್ಲ, ಬಿಟ್ಟೂ ಬಿಟ್ಟೂ ಹೂ ಬಿಡುತ್ತದೆ. ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಹೂದಾನಿಗಾಗಿ ಬೆಳೆಸುವವರು ಬೇರೆ ನೋಡಿಕೊಳ್ಳಿ. ಕೆಲವರಿಗೆ ಇದು ಒರಟು ಅನಿಸುತ್ತದೆ. ಆದರೆ ಆ ಕೊನೆಯ ಸಾಲು ಓದಿ ಬೇಡ ಅಂದುಕೊಂಡವರಿಗೂ ನನ್ನಿಂದ ಸಹಾಯವೇ ಆಯಿತು.

ಎತ್ತರದ ವಿಷಯದಲ್ಲಿ ಕ್ಯಾಟಲಾಗ್ ನಂಬುವುದು ಕಷ್ಟ. ಡೇವಿಡ್ ಆಸ್ಟಿನ್ ಅವರ 1983ರ ಹಳದಿ ಗುಲಾಬಿ ‘ಗ್ರಹಾಂ ಥಾಮಸ್’ ತಂಪು ನಾಡಿನಲ್ಲಿ ಪೊದೆ. ಬೆಚ್ಚಗಿನ ಕಡೆ ಅದಕ್ಕೆ ಆಸರೆ ಕೊಟ್ಟು ಹಬ್ಬಿಸಬೇಕಾಗುತ್ತದೆ. ಹಾಗಾಗಿ ಅಡಿ ಲೆಕ್ಕ ಕೊಟ್ಟರೂ ಎಲ್ಲರಿಗೂ ಗೊತ್ತಿರುವ ಒಂದು ಹಳೆಯ ಗಿಡದ ಪಕ್ಕ ಇಟ್ಟು ಹೇಳುತ್ತೇನೆ. ಕಾರ್ಡೆಸ್ ಮನೆತನದ 1958ರ ‘ಐಸ್‌ಬರ್ಗ್’ ಇದಕ್ಕೆ ಅನುಕೂಲ. ‘ಐಸ್‌ಬರ್ಗ್‌ಗಿಂತ ಗಿಡ್ಡ, ಮುಳ್ಳು ಜಾಸ್ತಿ’ ಅಂದರೆ ಬೆಳೆದವರಿಗೆ ತಕ್ಷಣ ಕಣ್ಣಿಗೆ ಕಟ್ಟುತ್ತದೆ.

ಇನ್ನು ‘ಹೊಸದು’ ಅನ್ನುವುದರ ಬಗ್ಗೆ. ಬೀಜದಿಂದ ಹುಟ್ಟಿದ ಸಸಿ ಮಾರಾಟಕ್ಕೆ ಬರಲು ಎಂಟು ಹತ್ತು ವರ್ಷ ಬೇಕು. ಅಷ್ಟಾದರೂ ಬಹಳಷ್ಟು ಹೊಸ ಗುಲಾಬಿಗಳು ಹಳೆಯದರ ಅಣ್ಣತಮ್ಮಂದಿರೇ. ನನಗೆ ನಿಜಕ್ಕೂ ಹೊಸದು ಅನಿಸಿದ್ದು ನಡುವೆ ಕಣ್ಣಿನಂತೆ ಕಪ್ಪುಗೆಂಪು ಮಚ್ಚೆ ಇರುವ ಹೂಗಳು. ಆ ಮಚ್ಚೆ ಬಂದದ್ದು ಇರಾನ್ ಮತ್ತು ಮಧ್ಯ ಏಷ್ಯಾದ ಒಣ ನೆಲದ ‘ರೋಸಾ ಪರ್ಸಿಕಾ’ ಅನ್ನುವ ಕಾಡು ಗುಲಾಬಿಯಿಂದ. ಜ್ಯಾಕ್ ಹಾರ್ಕ್‌ನೆಸ್ 1985ರಲ್ಲಿ ‘ಟೈಗ್ರಿಸ್’ ಹೊರತಂದರು. ಪೀಟರ್ ಜೇಮ್ಸ್ ಅವರ ‘ಐಸ್ ಫಾರ್ ಯು’ 2009ರದ್ದು. ನಸುನೇರಳೆ ಎಸಳು, ಬುಡದಲ್ಲಿ ಕಡುನೇರಳೆ. ಅದೇ ವರ್ಷ ಜಪಾನಿನಲ್ಲಿ ‘ಅಪ್ಲಾಜ್’ ಅನ್ನುವ ‘ನೀಲಿ ಗುಲಾಬಿ’ ಮಾರಾಟಕ್ಕೆ ಬಂತು. ನೀಲಿ ಕೊಡುವ ಡೆಲ್ಫಿನಿಡಿನ್ ಬಣ್ಣವನ್ನು ತಯಾರಿಸುವ ಜೀನ್ ಗುಲಾಬಿಗೆ ಇಲ್ಲ. ಅದನ್ನು ಪ್ಯಾನ್ಸಿ ಹೂವಿನಿಂದ ತಂದು ಸೇರಿಸಿದ್ದರು. ಕಣ್ಣಿಗೆ ಕಾಣುವುದು ಮಾತ್ರ ನೇರಳೆ. ಆಕಾಶನೀಲಿ ಗುಲಾಬಿಯ ಫೋಟೋ ಕಂಡರೆ ಅದು ಬಣ್ಣ ಕುಡಿಸಿದ ಹೂವು, ಇಲ್ಲವೇ ಕಂಪ್ಯೂಟರಿನ ಕೈಚಳಕ.

ಬರಹದ ಕೊನೆಗೆ ತಳಿಯ ಸಂಕೇತದ ಹೆಸರು ಹಾಕುತ್ತೇನೆ. ಮಾರುವ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ‘ಪೀಸ್’ ಫ್ರಾನ್ಸಿನಲ್ಲಿ ‘ಮದಾಂ ಎ. ಮೆಯಾಂ’, ಜರ್ಮನಿಯಲ್ಲಿ ‘ಗ್ಲೋರಿಯಾ ಡೇಯಿ’, ಇಟಲಿಯಲ್ಲಿ ‘ಜೋಯಾ’. ಸಂಕೇತ ಎಲ್ಲ ಕಡೆ ಒಂದೇ, ಅದರ ಮೊದಲ ಅಕ್ಷರಗಳು ಬೆಳೆಸಿದವರದ್ದು. ‘ಕಾರ್‌ಬಿನ್’ ಅಂದರೆ ಕಾರ್ಡೆಸ್ ಅವರ ‘ಐಸ್‌ಬರ್ಗ್’, ‘ಆಸ್‌ಮಾಸ್’ ಅಂದರೆ ಆಸ್ಟಿನ್ ಅವರ ‘ಗ್ರಹಾಂ ಥಾಮಸ್’. ಗಿಡ ಕೊಳ್ಳುವಾಗ ಚೀಟಿಯಲ್ಲಿ ಇದನ್ನು ಹುಡುಕಿ. ಚೀಟಿಯಲ್ಲಿ ಬರೀ ‘ಹಳದಿ ಗುಲಾಬಿ’ ಅಂತಿದ್ದರೆ, ನಾನು ಬರೆದ ಗಿಡವೇ ಅದು ಅಂತ ಹೇಳುವ ಹಾಗಿಲ್ಲ.