ಮಂಚದಡಿ ಕೂತ ಬೆಕ್ಕು ತಾನಾಗಿ ಹೊರಗೆ ಬರಲಿ

ಹೊಸದಾಗಿ ತಂದ ಬೆಕ್ಕು ಮಂಚದಡಿ ಸೇರಿಕೊಂಡರೆ ಗಾಬರಿಯಾಗಬೇಡಿ. ಜಾಗ ಹೊಸದು, ವಾಸನೆ ಹೊಸದು, ಸುತ್ತ ಓಡಾಡುವ ಜನ ಹೊಸಬರು. ಅಡಗಿ ಕೂತು ಎಲ್ಲವನ್ನೂ ನೋಡಿಕೊಳ್ಳುವುದು ಬೆಕ್ಕಿನ ಸ್ವಭಾವ. ಹಾಗಾಗಿ ನಾನು ಎಲ್ಲರಿಗೂ ಮೊದಲು ಹೇಳುವುದು ಇಷ್ಟೇ: ಎಳೆಯಬೇಡಿ. ಪೊರಕೆ ಹಾಕಿ ತಿವಿಯಬೇಡಿ, ಟಾರ್ಚ್ ಬಿಟ್ಟು ಇಣುಕಬೇಡಿ. ನಿಮ್ಮಿಬ್ಬರ ಮಧ್ಯೆ ಎಷ್ಟು ದೂರ ಇರಬೇಕು ಅನ್ನುವುದನ್ನು ಬೆಕ್ಕೇ ತೀರ್ಮಾನಿಸಲಿ. ನಿಮಗೆ ಮಾಡಲು ಬೇರೆ ಕೆಲಸ ಬೇಕಾದಷ್ಟಿದೆ.

ಮೈಸೂರಿನ ನಮ್ಮ ಮನೆಗೆ ಬೂದಿ ಅನ್ನುವ ಬೆಕ್ಕು ಬಂದಿದ್ದು ಒಂದು ಮೀನಂಗಡಿಯ ಹಿಂದಿನ ಓಣಿಯಿಂದ. ಬೂದು ಮೈ, ಅದರ ಮೇಲೆ ಕಪ್ಪು ಪಟ್ಟೆ. ಬೆಳೆದ ಬೆಕ್ಕು. ಮರಿಯಾಗಿದ್ದಾಗ, ಅಂದರೆ ಸುಮಾರು ಎರಡರಿಂದ ಏಳು ವಾರದ ವಯಸ್ಸಿನಲ್ಲಿ, ಮನುಷ್ಯರ ಕೈಯಲ್ಲಿ ಆಡಿದ ಬೆಕ್ಕು ಬೇಗ ಹೊಂದಿಕೊಳ್ಳುತ್ತದೆ. ಆ ವಯಸ್ಸು ಬೀದಿಯಲ್ಲೇ ಕಳೆದಿದ್ದರೆ ತುಂಬಾ ತಡವಾಗುತ್ತದೆ. ಬೂದಿ ಈ ಎರಡನೇ ಜಾತಿಯವಳು. ಇಲ್ಲಿ ಹೇಳುತ್ತಿರುವುದು ಹೆಚ್ಚಾಗಿ ಅವಳ ಜೊತೆ ಕೂತು ಕಲಿತದ್ದು.

ಬೆಕ್ಕು ತರುವ ಮೊದಲೇ ಒಂದು ಕೋಣೆ ಸಿದ್ಧ ಮಾಡಿ. ಇಡೀ ಮನೆ ಒಟ್ಟಿಗೆ ಕೊಟ್ಟರೆ ಅದಕ್ಕೆ ಭಯ ಜಾಸ್ತಿ. ಸಣ್ಣ ಮನೆಯಾದರೆ ಬೆಡ್‌ರೂಮೇ ಸಾಕು. ಬಚ್ಚಲುಮನೆ ಬೇಡ, ಅದು ಸದಾ ಒದ್ದೆ. ಬೀರುವಿನ ಹಿಂದೆ, ವಾಷಿಂಗ್ ಮೆಷಿನ್ ಸಂದಿಯಲ್ಲಿ, ನಿಮ್ಮ ಕೈ ಹೋಗದ ಕಡೆ ಎಲ್ಲ ಹಳೆ ದಿಂಬು ತುರುಕಿ ಮುಚ್ಚಿ. ಅದರ ಬದಲಿಗೆ ಒಳ್ಳೆಯ ಅಡಗುತಾಣ ನೀವೇ ಕೊಡಿ. ಒಂದು ರಟ್ಟಿನ ಡಬ್ಬ ಮಗುಚಿ, ಎರಡು ಕಡೆ ಬಾಗಿಲು ಕತ್ತರಿಸಿ, ಒಳಗೆ ಹಳೆ ಕಾಟನ್ ಸೀರೆ ಹಾಸಿ. ಎರಡು ಬಾಗಿಲು ಬೇಕೇ ಬೇಕು. ತಪ್ಪಿಸಿಕೊಳ್ಳುವ ದಾರಿ ಇದೆ ಅಂತ ಗೊತ್ತಿದ್ದರೆ ಬೆಕ್ಕು ನೆಮ್ಮದಿಯಾಗಿರುತ್ತದೆ. ನೆದರ್ಲೆಂಡ್ಸ್‌ನ ಯೂಟ್ರೆಕ್ಟ್ ವಿಶ್ವವಿದ್ಯಾಲಯದವರು ಆಶ್ರಯಕೇಂದ್ರದ ಬೆಕ್ಕುಗಳಿಗೆ ಡಬ್ಬ ಕೊಟ್ಟು ನೋಡಿ 2014ರಲ್ಲಿ ಅಧ್ಯಯನ ಪ್ರಕಟಿಸಿದ್ದಾರೆ. ಡಬ್ಬ ಸಿಕ್ಕ ಬೆಕ್ಕುಗಳ ಒತ್ತಡ ಬೇರೆಯವಕ್ಕಿಂತ ಬೇಗ ಇಳಿದಿತ್ತು. ಆ ಹಾಸಿದ ಬಟ್ಟೆಯನ್ನು ಬೇಗ ಒಗೆಯಲು ಹೋಗಬೇಡಿ. ಅದರಲ್ಲಿರುವ ತನ್ನದೇ ವಾಸನೆ ಬೆಕ್ಕಿಗೆ ಧೈರ್ಯ.

ಕಿಟಕಿ ನೋಡಿಕೊಳ್ಳಿ. ಗ್ರಿಲ್ ಇದೆಯಲ್ಲ ಅಂತ ಸುಮ್ನೆ ಇರಬೇಡಿ, ತಲೆ ತೂರುವಷ್ಟು ಜಾಗ ಇದ್ದರೆ ಬೆಕ್ಕು ಪೂರ್ತಿ ತೂರುತ್ತದೆ. ಪಾರಿವಾಳಕ್ಕೆ ಕಟ್ಟುವ ನೈಲಾನ್ ಬಲೆಯನ್ನು ಕಚ್ಚಿ ಹರಿಯಬಲ್ಲದು. ತಂತಿ ಜಾಲರಿ ಹಾಕಿಸಿ.

ಲಿಟರ್ ಟ್ರೇ, ಅಂದರೆ ಬೆಕ್ಕು ಮಲಮೂತ್ರ ಮಾಡುವ ತಟ್ಟೆ, ಒಂದು ಮೂಲೆಗೆ, ಊಟದ ತಟ್ಟೆ ಎದುರು ಮೂಲೆಗೆ. ಆ ಟ್ರೇಗೆ ತುಂಬುವ ಅಂಗಡಿಯ ಲಿಟರ್ ಪುಡಿ ಏನು ಅಂತ ಬೀದಿ ಬೆಕ್ಕಿಗೆ ಗೊತ್ತಿರುವುದಿಲ್ಲ. ಮೊದಲು ಒಣ ಮಣ್ಣು, ಮರಳು ಹಾಕಿಡಿ. ಕೆದಕಿ ಮುಚ್ಚುವುದು ಶುರುವಾದ ಮೇಲೆ ದಿನಾ ಒಂದೊಂದು ಹಿಡಿ ಲಿಟರ್ ಬೆರೆಸುತ್ತಾ ಹೋಗಿ. ಇನ್ನು ಆ ಕೋಣೆಯಲ್ಲಿ ಫಿನೈಲ್, ಡೆಟಾಲ್ ಹಾಕಿ ಒರೆಸಬೇಡಿ. ಇಂಥವುಗಳಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಲಿವರ್ ಸರಿಯಾಗಿ ಅರಗಿಸಲಾರದು, ನೆಲ ತುಳಿದ ಪಾದವನ್ನು ಅದು ನೆಕ್ಕಿಕೊಳ್ಳುತ್ತದೆ. ಬಟ್ಟೆಯ ಮಧ್ಯೆ ಇಡುವ ನುಸಿಗುಳಿಗೆಯೂ ವಿಷವೇ. ಪ್ಯಾರಾಸಿಟಮಾಲ್ ಅಂತೂ ಒಂದು ಮಾತ್ರೆ ಹೊಟ್ಟೆಗೆ ಹೋದರೂ ಪ್ರಾಣ ಹೋಗಬಹುದು.

ಊಟದ ವಿಷಯದಲ್ಲಿ ನಮ್ಮ ಕಡೆ ಒಂದು ಹಳೇ ನಂಬಿಕೆ ಇದೆ, ಬೆಕ್ಕು ಅಂದರೆ ಹಾಲು. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಹೆದರಿದ ಬೆಕ್ಕಿಗೆ ಹೊಟ್ಟೆಯೂ ಕೆಟ್ಟರೆ ಹೇಗೆ? ನೀರು ಇಡಿ. ಮೊಸರನ್ನದಲ್ಲಿ ಬೆಕ್ಕು ಸಾಕುತ್ತೇವೆ ಅನ್ನುವವರಿಗೆ ಒಂದು ಮಾತು. ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಬೇಕು, ಅದು ಸಿಗುವುದು ಮಾಂಸ, ಮೀನಿನಲ್ಲಿ. ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಹಾಳಾಗುತ್ತವೆ. ಮನೆಯಲ್ಲಿ ಮಾಂಸ ಬೇಯಿಸದವರು ಬೆಕ್ಕಿಗೆಂದೇ ಮಾಡಿದ ಪ್ಯಾಕೆಟ್ ಆಹಾರ ಕೊಡಿ, ಅದರಲ್ಲಿ ಟಾರಿನ್ ಸೇರಿಸಿರುತ್ತಾರೆ. ಬೇಯಿಸುವವರು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಕೋಳಿ ಬೇಯಿಸಿ, ಆ ನೀರನ್ನೂ ಜೊತೆಗೆ ಕೊಡಿ. ಬೇಯಿಸುವಾಗ ಟಾರಿನ್ ನೀರಿಗೆ ಇಳಿದಿರುತ್ತದೆ. ಆದರೆ ದಿನಾ ಬರೀ ಬೇಯಿಸಿದ ಕೋಳಿ ಸಾಲದು, ಪ್ಯಾಕೆಟ್ ಆಹಾರವೂ ಜೊತೆಗಿರಲಿ. ಹೊತ್ತು ಮಾತ್ರ ತಪ್ಪಿಸಬೇಡಿ. ಬೆಳಿಗ್ಗೆ ಏಳಕ್ಕೆ ಅಂದರೆ ಏಳಕ್ಕೇ.

ಮೊದಲ ದಿನ ಮುಟ್ಟದೆ ಬಿಡಬಹುದು, ರಾತ್ರಿ ನೀವೆಲ್ಲ ಮಲಗಿದ ಮೇಲೆ ತಿನ್ನಬಹುದು. ಎರಡು ದಿನ ಏನೂ ತಿನ್ನದಿದ್ದರೆ ಕಾಯಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ. ಉಪವಾಸ ಬಿದ್ದ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ, ದಪ್ಪ ಬೆಕ್ಕಾದರೆ ಇನ್ನೂ ಬೇಗ.

ಈಗ ಮುಖ್ಯವಾದ ಕೆಲಸ: ಕೂರುವುದು. ದಿನಾ ಒಂದೇ ಹೊತ್ತಿಗೆ ಕೋಣೆಗೆ ಹೋಗಿ ನೆಲದ ಮೇಲೆ ಕೂತುಕೊಳ್ಳಿ. ಡಬ್ಬಕ್ಕೆ ನೇರ ಮುಖ ಮಾಡದೆ ಸ್ವಲ್ಪ ಪಕ್ಕಕ್ಕೆ ತಿರುಗಿ. ನಾನು ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದೆ, ಇಲ್ಲವೇ ಪೇಪರನ್ನು ಕೇಳಿಸುವಂತೆ ಮೆಲುದನಿಯಲ್ಲಿ ಓದುತ್ತಿದ್ದೆ. ಮಾತು ಯಾವುದಾದರೇನು, ದನಿ ಪರಿಚಯವಾಗಬೇಕು. ಬೂದಿ ಮೊದಮೊದಲು ಕಿವಿ ಎರಡನ್ನೂ ಅಡ್ಡಕ್ಕೆ ಮಡಚಿ, ಕಣ್ಣು ಪೂರ್ತಿ ಕಪ್ಪಾಗಿ ಅಗಲಿಸಿಕೊಂಡು ನೋಡುತ್ತಿದ್ದಳು. ಹಾಗಿದ್ದಾಗ ನಾನು ಅಲುಗಾಡುತ್ತಲೇ ಇರಲಿಲ್ಲ. ಬೆಕ್ಕು ನಿಮ್ಮನ್ನು ನೋಡಿದಾಗ ದಿಟ್ಟಿಸಬೇಡಿ. ಕಣ್ಣನ್ನು ನಿಧಾನವಾಗಿ ಅರ್ಧ ಮುಚ್ಚಿ, ಮತ್ತೆ ನಿಧಾನವಾಗಿ ತೆರೆಯಿರಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೂ ಪರೀಕ್ಷಿಸಿದ್ದಾರೆ. ಹೀಗೆ ಕಣ್ಣು ಮಿಟುಕಿಸಿದ ಅಪರಿಚಿತರ ಕೈ ಹತ್ತಿರಕ್ಕೂ ಬೆಕ್ಕುಗಳು ಹೆಚ್ಚಾಗಿ ಬಂದವು.

ಎದ್ದು ಬರುವಾಗ ಒಂದೆರಡು ಚೂರು ಕೋಳಿ ನೆಲದ ಮೇಲೆ ಬಿಟ್ಟು ಬನ್ನಿ. ಇವತ್ತು ಡಬ್ಬದ ಬಾಗಿಲಲ್ಲಿ, ಆಮೇಲೆ ಒಂದು ಗೇಣು ಈಚೆಗೆ. ಬೂದಿ ಒಂದು ಸಂಜೆ ಕೋಳಿ ನೀರಲ್ಲಿ ಅದ್ದಿದ ನನ್ನ ಬೆರಳ ತನಕ ಕತ್ತು ಚಾಚಿದಳು. ಹಿಂದಿನ ಕಾಲೆರಡೂ ಇನ್ನೂ ಡಬ್ಬದೊಳಗೇ ಇದ್ದವು. ಮೂಗು ತಣ್ಣಗೆ ತಾಗಿತು, ಮೀಸೆ ಕೈಗೆ ಸೋಕಿತು, ಒರಟು ನಾಲಿಗೆ ಒಂದು ಸಲ ಎಳೆಯಿತು. ಆಮೇಲೆ ತಿರುಗಿ ಸ್ಟೂಲಿನ ಕಾಲಿಗೆ ಕೆನ್ನೆ ಉಜ್ಜಿದಳು. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಉಜ್ಜಿತು ಅಂದರೆ ಇದು ನನ್ನ ಜಾಗ ಅಂತ ಗುರುತು ಹಾಕಿತು. ನನಗೆ ಕಣ್ಣು ತುಂಬಿ ಬಂತು. ಕೈ ಮಾತ್ರ ಇದ್ದಲ್ಲೇ ಇಟ್ಟುಕೊಂಡೆ.

ಮುಟ್ಟುವ ಕಾಲ ಬಂದಾಗ ಕೆನ್ನೆ, ಗದ್ದದಿಂದ ಶುರು ಮಾಡಿ. ತಲೆಯ ಮೇಲಿಂದ ಕೈ ಇಳಿಸಬೇಡಿ, ಹೊಟ್ಟೆ ಮುಟ್ಟಬೇಡಿ. ಎರಡು ಸಲ ಸವರಿ ನಿಲ್ಲಿಸಿ. ಇನ್ನೂ ಬೇಕಿದ್ದರೆ ಅದೇ ತಲೆ ಒತ್ತುತ್ತದೆ. ಬಾಲ ಪಟಪಟ ಬಡಿಯತೊಡಗಿದರೆ ಅವತ್ತಿಗೆ ಸಾಕು. ಹಳೆ ಲಂಗದ ಲಾಡಿ ಎಳೆದು ಆಡಿಸಬಹುದು, ಆಟ ಮುಗಿದ ಮೇಲೆ ಎತ್ತಿಡಿ, ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು.

ಕಚ್ಚಿದರೆ, ಪರಚಿದರೆ ಅರಿಶಿನ ಹಚ್ಚಿ ಕೂರಬೇಡಿ. ಸೋಪು ಹಾಕಿ ನಲ್ಲಿ ನೀರಿನ ಕೆಳಗೆ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಬಗ್ಗೆ ಕೇಳಿ. ಬೆಕ್ಕಿಗೂ ರೇಬೀಸ್ ಲಸಿಕೆ ಹಾಕಿಸಲೇಬೇಕು. ಅದಕ್ಕಾಗಿ ಕ್ಯಾರಿಯರನ್ನು, ಅಂದರೆ ಬೆಕ್ಕನ್ನು ಒಯ್ಯುವ ಪೆಟ್ಟಿಗೆಯನ್ನು, ಮೊದಲ ದಿನದಿಂದಲೇ ಬಾಗಿಲು ತೆಗೆದು ಕೋಣೆಯಲ್ಲಿ ಇಟ್ಟಿರಿ, ಒಳಗೆ ಆಗಾಗ ತಿನಿಸು ಹಾಕಿ. ಡಾಕ್ಟರ ಹತ್ತಿರ ಹೋಗುವ ದಿನ ಮಾತ್ರ ಅಟ್ಟದಿಂದ ಇಳಿಸಿದರೆ ಯಾವ ಬೆಕ್ಕೂ ಒಳಗೆ ಹೋಗುವುದಿಲ್ಲ.

ಕೋಣೆಯಲ್ಲಿ ಬಾಲ ಎತ್ತಿಕೊಂಡು ಓಡಾಡಲು ಶುರು ಮಾಡಿದ ಮೇಲೆ ಬಾಗಿಲು ತೆರೆಯಿರಿ. ಮನೆ ಸದ್ದಿಲ್ಲದ ಹೊತ್ತು ನೋಡಿಕೊಳ್ಳಿ. ಕುಕ್ಕರ್ ಕೂಗುವಾಗ, ಮಿಕ್ಸಿ ಓಡುವಾಗ, ನೆಂಟರು ಬಂದಾಗ ಬೇಡ. ಮಕ್ಕಳಿಗೆ ಮೊದಲೇ ಹೇಳಿ: ಬೆಕ್ಕು ಹತ್ತಿರ ಬಂದರೆ ಆಡಿಸಿ, ಹಿಂದೆ ಓಡಬೇಡಿ. ಡಬ್ಬವನ್ನು ಇದ್ದ ಜಾಗದಲ್ಲೇ ಬಿಡಿ, ವಾಪಸ್ ಓಡಿಹೋಗಲು ಅದು ಬೇಕು. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಮುಖ ತೋರಿಸುವ ಮೊದಲು ಇದರ ಬಟ್ಟೆ ಅದಕ್ಕೆ, ಅದರ ಬಟ್ಟೆ ಇದಕ್ಕೆ ಕೊಟ್ಟು ವಾಸನೆ ಪರಿಚಯ ಮಾಡಿಸಿ. ದೀಪಾವಳಿ ಬಂದಾಗ ಎಷ್ಟೇ ಹೊಂದಿಕೊಂಡ ಬೆಕ್ಕಾದರೂ ಮತ್ತೆ ಆ ಕೋಣೆಗೇ ಸೇರಿಸಿ. ಕತ್ತಲಾಗುವ ಮೊದಲೇ ಕಿಟಕಿ ಹಾಕಿ, ಫ್ಯಾನ್ ಜೋರು ಮಾಡಿ, ಊಟ, ನೀರು ಎರಡನ್ನೂ ಡಬ್ಬದ ಪಕ್ಕಕ್ಕೇ ತಂದಿಡಿ.