ಹಳೇ ಕಂಪ್ಯೂಟರಿಗೆ ಲಿನಕ್ಸ್: ಇನ್‌ಸ್ಟಾಲ್ ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಮಡಿಕೇರಿ, ನಾಪೋಕ್ಲು, ಸೋಮವಾರಪೇಟೆ ಕಡೆಯಿಂದ ನನ್ನ ಹತ್ತಿರ ಬರುವ ಹಳೇ ಯಂತ್ರಗಳೆಂದರೆ 1 ಅಥವಾ 2 ಜಿಬಿ ರ‍್ಯಾಮಿನ ಕೋರ್ 2 ಡ್ಯುಯೊ ಪ್ರೊಸೆಸರಿನ ಡೆಸ್ಕ್‌ಟಾಪ್‌ಗಳು, ಆಟಮ್ ಪ್ರೊಸೆಸರಿನ ನೆಟ್‌ಬುಕ್‌ಗಳು. ದೂರು ಎಲ್ಲದಕ್ಕೂ ಒಂದೇ: "ಲಿನಕ್ಸ್ ಇನ್‌ಸ್ಟಾಲ್ ಆಗ್ತಾ ಇಲ್ಲ." ಲಿನಕ್ಸ್ ಎಂದರೆ ವಿಂಡೋಸಿನ ಬದಲು ಹಾಕಿಕೊಳ್ಳುವ ಆಪರೇಟಿಂಗ್ ಸಿಸ್ಟಂ; ತಪ್ಪು ಅದರದ್ದಾಗಿರುವುದು ಅಪರೂಪ. ಅದಕ್ಕೇ ಪೆನ್‌ಡ್ರೈವ್ ಹಾಕುವ ಮೊದಲು ನಾನು ಕ್ಯಾಬಿನೆಟ್ ಬಿಚ್ಚುತ್ತೇನೆ.

ನಮ್ಮ ಮಳೆಗಾಲದ ಥಂಡಿ ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮಂಕು ಮಾಡುತ್ತದೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಕೂರಿಸಬೇಕು. ಮದರ್‌ಬೋರ್ಡಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಮುಂದಿನ ಕೆಲಸವೆಲ್ಲ ದಂಡ, ಅಲ್ಲಿಗೇ ನಿಲ್ಲಿಸಿ. ಆಮೇಲೆ ಮೆಮ್‌ಟೆಸ್ಟ್ 86 ಪ್ಲಸ್ (ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಂ) ಕನಿಷ್ಠ ಒಂದು ಪೂರ್ತಿ ಸುತ್ತು ಓಡಲಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ರ‍್ಯಾಮ್ ನಂಬಬೇಡಿ.

ಇನ್‌ಸ್ಟಾಲರ್ ಪ್ರತಿ ಸಲ ಬೇರೆ ಬೇರೆ ಹಂತದಲ್ಲಿ ನಿಂತರೆ ಅನುಮಾನ ರ‍್ಯಾಮಿನ ಮೇಲೆ, ಇಲ್ಲವೇ ಪ್ರೊಸೆಸರಿನ ಬಿಸಿಯ ಮೇಲೆ (ಒಣಗಿದ ಥರ್ಮಲ್ ಪೇಸ್ಟ್, ಧೂಳು ಕಟ್ಟಿದ ಫ್ಯಾನ್). ಒಂದೇ ಜಾಗದಲ್ಲಿ ನಿಂತರೆ ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕ್. ಇಳಿಸಿಕೊಂಡ ಫೈಲಿನ ಶಾ 256 ಮೊತ್ತ (ಫೈಲ್ ಕೆಟ್ಟಿಲ್ಲವೆಂದು ತೋರಿಸುವ ಗುರುತು) ತಾಳೆ ನೋಡಿದರೆ ಪೆನ್‌ಡ್ರೈವಿನ ಮೇಲಿನ ಅನುಮಾನ ಅರ್ಧ ಕಳೆಯುತ್ತದೆ. ಡಿಸ್ಕಿಗೆ ಸ್ಮಾರ್ಟ್ ವರದಿ ಇದೆ, ತನ್ನ ಆರೋಗ್ಯದ ಬಗ್ಗೆ ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ಲೆಕ್ಕ. ಅದರಲ್ಲಿ 'ಕರೆಂಟ್ ಪೆಂಡಿಂಗ್ ಸೆಕ್ಟರ್' (ಸರಿಯಾಗಿ ಓದಲಾಗದ ತುಣುಕುಗಳು) ಸೊನ್ನೆಗಿಂತ ಹೆಚ್ಚಿದ್ದರೆ ಡಿಸ್ಕ್ ಬದಲಿಸಿ. 'ಯುಡಿಎಂಎ ಸಿಆರ್‌ಸಿ' ತಪ್ಪುಗಳು ಮಾತ್ರ ಏರುತ್ತಿದ್ದರೆ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ ನೋಡಿ, ಡಿಸ್ಕ್ ಚೆನ್ನಾಗಿಯೇ ಇರಬಹುದು.

ಬಯೋಸಿನ (ಕಂಪ್ಯೂಟರನ್ನು ಚಾಲೂ ಮಾಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಗುಂಡು ಸೆಲ್ಲು, ಸಿಆರ್ 2032, ಸತ್ತಿದ್ದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ನೆಟ್‌ನಿಂದ ಪ್ಯಾಕೇಜ್ ತರುವಾಗ 'ಈ ಫೈಲ್ ಇನ್ನೂ ಜಾರಿಗೆ ಬಂದಿಲ್ಲ' ಎಂಬ ಅರ್ಥದ ತಪ್ಪು ಬರುವುದು ಇದರಿಂದಲೇ. ಜನ ಸರ್ವರನ್ನು ಬೈಯುತ್ತಾರೆ. ಹೊಸ ಸೆಲ್ಲು ಹಾಕಿ, ತಾರೀಖು ತಿದ್ದಿ, ಸೆಲ್ಲು ಸತ್ತಾಗ ಬದಲಾಗಿರಬಹುದಾದ ಸಾಟಾ ಮೋಡ್ ಮತ್ತು ಬೂಟ್ ಕ್ರಮವನ್ನೂ (ಯಾವುದರಿಂದ ಮೊದಲು ಚಾಲೂ ಆಗಬೇಕು ಎಂಬುದು) ನೋಡಿಕೊಳ್ಳಿ.

ಈಗ ಯಾವ ಲಿನಕ್ಸ್ ಎಂಬ ಮಾತು. ಲೈವ್ ಲಿನಕ್ಸಿನ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡುವಂಥದ್ದು) ಟರ್ಮಿನಲ್‌ನಲ್ಲಿ ಪ್ರೊಸೆಸರಿನ ಫ್ಲ್ಯಾಗ್‌ಗಳ ಪಟ್ಟಿಯಲ್ಲಿ 'ಎಲ್‌ಎಂ' (lm) ಇದ್ದರೆ 64 ಬಿಟ್ ನಡೆಯುತ್ತದೆ. ಇಲ್ಲದಿದ್ದರೆ 32 ಬಿಟ್ ಒಂದೇ ದಾರಿ. ಡೆಬಿಯನ್ ಎಂಬ ಲಿನಕ್ಸಿನಲ್ಲಿ, 2025ರಲ್ಲಿ ಬಂದ ಡೆಬಿಯನ್ 13ಕ್ಕೆ 32 ಬಿಟ್ ಇನ್‌ಸ್ಟಾಲರ್ ಇಲ್ಲ, ಡೆಬಿಯನ್ 12ಕ್ಕೆ ಇದೆ. ಹಗುರವಾದ ಇನ್ನೊಂದು ಲಿನಕ್ಸ್ ಆಂಟಿಎಕ್ಸ್ 23 ಕೂಡ ಆಗುತ್ತದೆ. ಕೆಲವು ಆಟಮ್ ಯಂತ್ರಗಳದ್ದು ಇನ್ನೊಂದು ತಕರಾರು: ಪ್ರೊಸೆಸರ್ 64 ಬಿಟ್, ಯುಇಎಫ್‌ಐ (ಬಯೋಸಿನ ಹೊಸ ರೂಪ) 32 ಬಿಟ್. ಪೆನ್‌ಡ್ರೈವಿನ ಇಎಫ್‌ಐ ಬೂಟ್ ಫೋಲ್ಡರಿನಲ್ಲಿ 'ಬೂಟ್‌ಐಎ32' (bootia32.efi) ಫೈಲ್ ಇಲ್ಲದಿದ್ದರೆ ಅವು ಅದರಿಂದ ಬೂಟ್ ಆಗುವುದೇ ಇಲ್ಲ.

ಪರದೆ ಕಪ್ಪಾದರೆ ಗ್ರಬ್ (ಲಿನಕ್ಸನ್ನು ಚಾಲೂ ಮಾಡುವ ಪ್ರೋಗ್ರಾಂ) ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' (nomodeset) ಸೇರಿಸಿ ಎಫ್10 ಒತ್ತಿ. ಇದು ತಾತ್ಕಾಲಿಕ. ಹಾಗೇ ಬಿಟ್ಟರೆ ವಿಡಿಯೊ ತೆವಳುತ್ತದೆ, ಆದ್ದರಿಂದ ಇನ್‌ಸ್ಟಾಲ್ ಆದ ಮೇಲೆ ತೆಗೆದು ಒಮ್ಮೆ ಪರೀಕ್ಷಿಸಿ.

1 ಜಿಬಿ ರ‍್ಯಾಮಿನಲ್ಲಿ ಲೈವ್ ಡೆಸ್ಕ್‌ಟಾಪಿನಿಂದ ಇನ್‌ಸ್ಟಾಲ್ ಮಾಡುವ ಹಟ ಬೇಡ. ಅಕ್ಷರದ ಇನ್‌ಸ್ಟಾಲರ್ ಆರಿಸಿ, ಡೆಸ್ಕ್‌ಟಾಪಿಗೆ ಹಗುರವಾದ ಎಲ್‌ಎಕ್ಸ್‌ಡಿಇ ಅಥವಾ ಎಲ್‌ಎಕ್ಸ್‌ಕ್ಯುಟಿ ಸಾಕು. 2 ಜಿಬಿ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ಇಡಿ. ಆಮೇಲೆ ಝಡ್‌ರ‍್ಯಾಮ್ ಟೂಲ್ಸ್ (ರ‍್ಯಾಮಿನಲ್ಲಿರುವುದನ್ನು ಕುಗ್ಗಿಸಿ ಇಡುವ ಪ್ಯಾಕೇಜ್) ಹಾಕಿ ಪ್ರಮಾಣ 50 ಪರ್ಸೆಂಟ್ ಮಾಡಿ. ಇಷ್ಟಾದರೂ ಬ್ರೌಸರಿನಲ್ಲಿ ನಾಲ್ಕೈದು ಟ್ಯಾಬ್ ತೆರೆದರೆ ಉಸಿರು ಕಟ್ಟುತ್ತದೆ. ಇನ್ನೊಂದು ಜಿಬಿ ರ‍್ಯಾಮ್ ಸಿಕ್ಕರೆ ಅದಕ್ಕಿಂತ ದೊಡ್ಡ ಮದ್ದಿಲ್ಲ.

ಜುಲೈನಲ್ಲಿ ಮರ ಬಿದ್ದು ಕರೆಂಟೂ ನೆಟ್ಟೂ ಒಟ್ಟಿಗೆ ಹೋಗುವ ಊರಿನಲ್ಲಿ, ಬಹುಪಾಲನ್ನು ನೆಟ್‌ನಿಂದಲೇ ತರುವ ಚಿಕ್ಕ ನೆಟ್ ಇನ್‌ಸ್ಟಾಲ್ ಫೈಲ್ ನಂಬುವುದು ಕಷ್ಟ. ನಾನು 8 ಜಿಬಿ ಪೆನ್‌ಡ್ರೈವಿನಲ್ಲಿ ಡೆಬಿಯನ್ನಿನ ಮೊದಲ ಡಿವಿಡಿಯ ಪೂರ್ತಿ ಇಮೇಜ್ ಬರೆದಿಟ್ಟಿರುತ್ತೇನೆ. ವೈಫೈ ಕಾಣದಿದ್ದರೆ (ಹಳೇ ಬ್ರಾಡ್‌ಕಾಮ್ ಕಾರ್ಡುಗಳದ್ದು ಮಾಮೂಲಿ ಕಾಯಿಲೆ) ಮೊಬೈಲಿಗೆ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಆ ಕಾರ್ಡಿಗೆ ಬೇಕಾದ ಫರ್ಮ್‌ವೇರ್ ಇಳಿಸುವಷ್ಟು ನೆಟ್ ಸಿಗುತ್ತದೆ.

ಎಲ್ಲ ಮುಗಿದು, ಪೆನ್‌ಡ್ರೈವ್ ತೆಗೆದ ಕೂಡಲೇ ಬೂಟ್ ಆಗದಿದ್ದರೆ ಗ್ರಬ್ ಪೆನ್‌ಡ್ರೈವಿಗೇ ಹೋಗಿ ಕೂತಿದೆ ಎಂದು ತಿಳಿಯಿರಿ. ಎಷ್ಟೋ ಹಳೇ ಬಯೋಸ್‌ಗಳಲ್ಲಿ ಬೂಟ್ ಮಾಡಿದ ಪೆನ್‌ಡ್ರೈವೇ 'ಎಸ್‌ಡಿಎ' (sda, ಮೊದಲ ಡಿಸ್ಕ್) ಆಗಿಬಿಡುತ್ತದೆ, ಹಾರ್ಡ್ ಡಿಸ್ಕ್ 'ಎಸ್‌ಡಿಬಿ'. ಗ್ರಬ್ ಎಲ್ಲಿಗೆ ಎಂದು ಕೇಳುವಾಗ ಹೆಸರು ನೋಡಬೇಡಿ, ಡಿಸ್ಕಿನ ಗಾತ್ರ ನೋಡಿ ಆರಿಸಿ. ಆಗಲೇ ಎಡವಟ್ಟಾಗಿದ್ದರೆ ಮತ್ತೆ ಇನ್‌ಸ್ಟಾಲ್ ಮಾಡಬೇಕಿಲ್ಲ: ಇನ್‌ಸ್ಟಾಲರಿನ ರೆಸ್ಕ್ಯೂ ಮೋಡ್‌ಗೆ ಹೋಗಿ, ರೂಟ್ ಪಾರ್ಟಿಷನ್ (ಡಿಸ್ಕಿನಲ್ಲಿ ಲಿನಕ್ಸ್ ಕೂತಿರುವ ಭಾಗ) ತೋರಿಸಿ, ಗ್ರಬ್ಬನ್ನು ಸರಿಯಾದ ಡಿಸ್ಕಿಗೆ ಹಾಕಿಸಿ. ಹಳೇ ಬಯೋಸಿನಲ್ಲಿ ಡಿಸ್ಕಿಗೆ ಜಿಪಿಟಿ (ಹೊಸ ಬಗೆಯ ಪಾರ್ಟಿಷನ್ ಪಟ್ಟಿ) ಮಾಡಿದ್ದರೆ ಗ್ರಬ್ಬಿಗೆಂದೇ 1 ಎಂಬಿ ಬಯೋಸ್ ಬೂಟ್ ಪಾರ್ಟಿಷನ್ ಇರಬೇಕು. ಆ ರಗಳೆ ಬೇಡವೆಂದರೆ ಮೊದಲೇ ಹಳೇ ಬಗೆಯ ಎಂಬಿಆರ್ ಪಟ್ಟಿ ಮಾಡಿ, ರೂಟ್ ಪಾರ್ಟಿಷನ್ನಿಗೆ ಬೂಟ್ ಫ್ಲ್ಯಾಗ್ ಏರಿಸಿ.